ಸಾವುಕಾರರ ಕಾಮನಬಿಲ್ಲು

ತೆಲಂಗಾಣದ ಗಡಿಯೂರು ನಾರಾಯಣಖೇಡದ ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಮೇಡಂ ರಾಜೇಶ್ವರಿ ಸಿಟ್ಟು ಬಂದರೆ ಸೀಟಿ ಊದುತ್ತಾಳೆ. ಮನೆಯಲ್ಲಿ ಹಾಲು ಉಕ್ಕಿದರೂ ಅವಳ ಕೈ ಮೊದಲು ಕೊರಳಿನ ಸೀಟಿಗೇ ಹೋಗುತ್ತದೆಂದು ಅವಳ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದರೆ ಬೇಳೆ ಮಿಲ್ಲಿನ ವೈಜಿನಾಥ ಸಾವುಕಾರರ ಮೇಲೆ ಮಾತ್ರ ಅವಳು ಊದುವ ಹಾಗಿರಲಿಲ್ಲ.

ಕಾರಣ, ಶಾಲೆಗೆ ಮೈದಾನವಿಲ್ಲ. ಹುಡುಗಿಯರು ಫುಟ್‌ಬಾಲ್ ಆಡುವುದು ನಾಗಲಗಿದ್ದ ಊರಿಗೆ ಹೋಗುವ ಆಟೋಗಳು ನಿಲ್ಲುವ ರಸ್ತೆಯಂಚಿನಲ್ಲಿ. ಗೋಲಾದರೆ ಚೆಂಡು ಮೋರಿಗೆ ಬೀಳುತ್ತದೆ, ಆಗದಿದ್ದರೆ ಆಟೋದೊಳಗೆ ಹೋಗಿ ಕೂಡುತ್ತದೆ. ಶಾಲೆಯ ಗೋಡೆಗೆ ಅಂಟಿದ ಖಾಲಿ ಜಾಗ ಸಾವುಕಾರರದು. ತೊಗರಿ ಒಣಗುವ ನಾಲ್ಕು ದಿನ ಬಿಟ್ಟರೆ ಅಲ್ಲಿ ಆಡು ಮೇಯುತ್ತವೆ. ಅದನ್ನು ಆಟಕ್ಕೆ ಬಿಡಿ ಎಂದು ರಾಜೇಶ್ವರಿ ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ನೋಡೂಣ್ರಿ ಮೇಡಂ."

ಒಂದು ದಿನ ಸಾವುಕಾರರ ಕಣ್ಣೆದುರೇ ಶಿಲ್ಪಾರಾಣಿ ಎಂಬ ಹುಡುಗಿ ಚೆಂಡನ್ನು ಎರಡು ಪಾದಗಳ ನಡುವೆ ಹಿಡಿದು, ಮೀನಖಂಡದ ಮೇಲೆ ಉರುಳಿಸಿ, ಹಿಮ್ಮಡಿಯಿಂದ ಎತ್ತಿ ಒದ್ದಳು. ಚೆಂಡು ಅವಳ ಹಿಂದಿನಿಂದ ಎದ್ದು, ತಲೆ ದಾಟಿ, ಮುಂದೆ ಬಂದು ಬಿತ್ತು.

"ಇದಕ್ಕ ಏನಂತಾರವಾ?"

"ಕಾಮನಬಿಲ್ಲು ಅಂತಾರ್ರಿ ಅಜ್ಜಾ."

ಸಾವುಕಾರರಿಗೆ ಚೆಂಡಿಗಿಂತ ಆ 'ಅಜ್ಜಾ' ಜೋರಾಗಿ ಬಡಿಯಿತು. "ಮೇಡಂ, ಕ್ರೀಡಾದಿನಕ್ಕ ನಾನೇ ಚೀಫ್ ಗೆಸ್ಟ್. ರಿಬ್ಬನ್ ಕತ್ತರಸೂದು ಯಾರರೆ ಮಾಡ್ತಾರ. ನಾ ಇದನ್ನ ಮಾಡಿ ತೋರಸ್ತೀನಿ. ನೀವು ಕಲಸ್ರಿ. ಅವತ್ತ ಚೆಂಡು ನನ್ನ ತಲಿ ದಾಟಿದ್ದು ಊರು ನೋಡಿತಂದ್ರ ಜಾಗ ನಿಮ್ದು."

ಹೀಗೆ ಪಾಠ ಶುರುವಾಯಿತು. ತಮ್ಮದೇ ಜಾಗ ಪಕ್ಕದಲ್ಲಿ ಬಿದ್ದಿದ್ದರೂ ಸಾವುಕಾರರು ಕಲಿಯುತ್ತಿದ್ದದ್ದು ರಸ್ತೆಯಂಚಿನಲ್ಲೇ; ನೋಡುವ ಜನ ಇರುವುದು ಅಲ್ಲಿ. ಚೆಂಡು ಏಳದಿದ್ದರೆ ಅದರೊಳಗೆ ಗಾಳಿ ಕಮ್ಮಿ ಎನ್ನುವರು, ಅಡ್ಡ ಹೋದರೆ ಗಾಳಿ ಜಾಸ್ತಿ. ಎರಡೂ ಅಲ್ಲದ ದಿನ ಮುಖ ಮಾಡಿ ನಿಂತ ದಿಕ್ಕು ಸರಿಯಿಲ್ಲ. ಮಗ ಆನಂದಕುಮಾರ ಫೋನ್ ಹಿಡಿದು ನಿಂತಿರುತ್ತಿದ್ದ.

"ಕಾಲು ನೋಡ್ರಿ ಸಾವುಕಾರ್ರ, ಫೋನ್ ನೋಡಬ್ಯಾಡ್ರಿ."

"ಕಾಲು ನೀವು ನೋಡಾಕತ್ತೀರಲ್ಲಾ. ಆನಂದಾ, ನನ್ನ ಮಾರಿ ಬಂತೇನೋ?"

ರಾಜೇಶ್ವರಿ ಸೀಟಿಯನ್ನು ಬಾಯಿಗಿಟ್ಟು, ಕಚ್ಚಿ, ಮತ್ತೆ ಬಿಡುತ್ತಿದ್ದಳು. ಆ ಸೀಟಿಯ ಮೇಲೆ ಹಲ್ಲಿನ ಗುರುತು ಈಗಲೂ ಇದೆ.

ಕೊನೆಗೊಂದು ಸಂಜೆ ಚೆಂಡು ಅವರ ಧೋತರದ ಮಡಿಕೆಗೆ ಸಿಕ್ಕಿತು. ಸಾವುಕಾರರು ಕಾಲು ಝಾಡಿಸಿದ್ದೇ ತಡ, ಜೋಳದ ಹೊಲದಲ್ಲಿ ಹಕ್ಕಿಗೆ ಬೀಸಿದ ಕವಣೆಯ ಕಲ್ಲಿನಂತೆ ಅದು ಸೊಂಯ್ಯನೆ ಎದ್ದು ತಲೆ ದಾಟಿತು. ಅಂದಿನಿಂದ ದಿನವೂ ದಾಟತೊಡಗಿತು. ಹಾರಿಸುತ್ತಿದ್ದದ್ದು ಕಾಲಲ್ಲ, ಧೋತರ ಎಂಬುದು ರಾಜೇಶ್ವರಿಗೆ ಕಾಣುತ್ತಿತ್ತು. ತಲೆ ದಾಟಿದರೆ ಸಾಕೆಂದು ಸುಮ್ಮನಾದಳು.

ಕ್ರೀಡಾದಿನ ಸಾವುಕಾರರು ಜೀಪಿನಿಂದ ಇಳಿದದ್ದು ಹೊಸ ಟ್ರ್ಯಾಕ್‌ಸೂಟಿನಲ್ಲಿ. ಬೆನ್ನ ಮೇಲೆ ಅವರದೇ ಹೆಸರು.

"ಧೋತರ ಎಲ್ಲಿ ಅದರಿ?" ರಾಜೇಶ್ವರಿ ಓಡಿ ಬಂದು ಕೇಳಿದಳು.

"ಆಟಕ್ಕ ಯಾರು ಧೋತರ ಉಡ್ತಾರ್ರಿ? ನೀವು ಡ್ರಿಲ್ ಮೇಡಂ ಆಗಿ ಇದನ್ನ ಕೇಳ್ತೀರಿ."

ಕನ್ನಡ, ತೆಲುಗು, ದಖನಿ ಉರ್ದು ಮೂರರಲ್ಲೂ ಭಾಷಣ ಮಾಡಿ, ಮೂರರಲ್ಲೂ ಜಾಗದ ಮಾತು ಕೊಟ್ಟು, ಅವರು ಶಾಲೆಯ ಇಕ್ಕಟ್ಟಾದ ಅಂಗಳಕ್ಕಿಳಿದರು. ಮೊದಲ ಸಲ ಚೆಂಡು ಕುರ್ಚಿಗಳ ಕೆಳಗೆ ಹೋಯಿತು. ಆಮೇಲೆ ಹೆಡ್‌ಮಾಸ್ತರರ ಚಹಾದ ಕಪ್ಪು ಹೋಯಿತು. ಹುಡುಗಿಯರು ಬಾಯಿಗೆ ಸೆರಗಿಲ್ಲದ್ದಕ್ಕೆ ಕೈಯನ್ನೇ ಅಡ್ಡ ಹಿಡಿದರು.

"ಗಾಳಿ ಕಮ್ಮಿ ಅದ," ಎಂದರು ಸಾವುಕಾರರು.

ರಾಜೇಶ್ವರಿ ಆನಂದಕುಮಾರನ ಕಡೆ ತಿರುಗಿ, "ನಿಮ್ಮ ಅಪ್ಪಾರ ಧೋತರ ಎಲ್ಲಿದ್ರೂ ತರ್ರಿ," ಎಂದಳು. ಅದು ಜೀಪಿನಲ್ಲೇ ಇತ್ತು. ಟ್ರ್ಯಾಕ್‌ಸೂಟಿನ ಮೇಲೆಯೇ ಉಟ್ಟು, ಕಚ್ಚೆ ಬಿಗಿದು, ಸಾವುಕಾರರು ಎಗರಿ ಒದ್ದರು. ಒದ್ದವರೇ ಆಕಾಶ ನೋಡಿದರು. ಊರೂ ನೋಡಿತು. ಮೇಲೆ ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ. ಚೆಂಡು ಅವರ ಹಿಂದೆ, ಧೋತರದೊಳಗೆ, ಬುತ್ತಿಯ ಗಂಟಿನಂತೆ ಜೋತಾಡುತ್ತಿತ್ತು.

"ಎಲ್ಲಿ ಹೋಗ್ಯಾದ್ರಿ?" ಸಾವುಕಾರರು ಮುಖ ಕೆಳಗಿಳಿಸದೆ ಮೆಲ್ಲಗೆ ಕೇಳಿದರು. "ದಾಟಿತೋ ಇಲ್ಲೋ?"

ದಾಟಿತು ಎಂದರೆ ಮೈದಾನ. ರಾಜೇಶ್ವರಿ ಹಾಗೆನ್ನಲು ಬಾಯಿ ತೆರೆದಳು. ಆದರೆ ಇಷ್ಟು ದಿನ ಹಲ್ಲಿಗೆ ಸಿಕ್ಕಿದ್ದ ಸೀಟಿ ಮಾತಿಗಿಂತ ಮೊದಲು ಬಾಯಿಗೆ ಬಂತು. ಉದ್ದಕ್ಕೆ ಊದಿ, "ಹಿಂದ ಅದರಿ ಸಾವುಕಾರ್ರ, ನಿಮ್ಮ ಧೋತರದಾಗ," ಎಂದಳು.

ನಗೆ ಇಳಿಯುವವರೆಗೂ ಸಾವುಕಾರರು ಚೆಂಡು ಬಿಡಿಸಿಕೊಳ್ಳುತ್ತಿದ್ದರು. ಜಾಗ ಹೋಯಿತೆಂದು ರಾಜೇಶ್ವರಿ ನೆಲ ನೋಡುತ್ತ ನಿಂತಳು. ಅವರು ಮೈಕಿಗೆ ಹೋಗಿ ಗಂಟಲು ಸರಿಮಾಡಿಕೊಂಡರು.

"ತಪ್ಪು ನಂದಲ್ಲ, ಮೇಡಂದೂ ಅಲ್ಲ. ರಸ್ತಾದಾಗ ನಿಂತು ಕಲ್ತ್ರ ಹಿಂಗೇ ಆಗ್ತದ. ಇದಕ್ಕ ಮೈದಾನ ಬೇಕು. ನಾಳಿಂದ ನನ್ನ ಜಾಗದಿಂದ ಆಡು ಹೊರಗ, ನಾವು ಒಳಗ." ಇದನ್ನೂ ಮೂರು ಭಾಷೆಯಲ್ಲಿ ಹೇಳಿದರು.

ಈಗ ಹುಡುಗಿಯರಿಗೆ ಮೈದಾನವಿದೆ. ಅವರು ಬರುವ ಮೊದಲೇ ಗೋಲಿನ ಮುಂದೆ ಟ್ರ್ಯಾಕ್‌ಸೂಟಿನಲ್ಲಿ ಒಬ್ಬರು ನಿಂತಿರುತ್ತಾರೆ. ರಾಜೇಶ್ವರಿ ಗೇಟು ದಾಟುವುದೇ ತಡ, ಪೂರ್ವಕ್ಕೆ ಮುಖ ಮಾಡಿ ಕೇಳುತ್ತಾರೆ:

"ಮೇಡಂ, ಇವತ್ತರೆ ಗಾಳಿ ಸರಿ ಹೊಡಸೀರೇನು?"