ಸೊನ್ನೆ ಇಂಚಿನ ಸುದ್ದಿ

ಕೃಷಿಕರ ಆನ್‌ಲೈನ್ ಚರ್ಚಾಗುಂಪೊಂದರಲ್ಲಿ ಕಸ ಗುಡಿಸುವ ಕೆಲಸ ನನ್ನದು. ತೂಕ ಇಳಿಸುತ್ತೇವೆ, ಕೂದಲು ಬೆಳೆಸುತ್ತೇವೆ ಎನ್ನುವ ಜಾಹೀರಾತುಗಳ ಕಾಟ ತಾಳಲಾರದೆ ಒಂದು ಫಿಲ್ಟರ್ ಕೂರಿಸಿದೆ. ಒಂದೇ ಮಾತನ್ನು ಮೂರು ಸಲಕ್ಕಿಂತ ಹೆಚ್ಚು ಹಾಕಿದವರನ್ನು ಅದು ತಾನಾಗಿಯೇ ಹೊರಗೆ ಹಾಕುತ್ತದೆ. ಎರಡು ವಾರ ಗುಂಪು ತಣ್ಣಗಿತ್ತು.

ಆಮೇಲೊಂದು ದಿನ ಕಿಗ್ಗದ ಗೌಡರೊಬ್ಬರು ಬಸ್ಸು ಹತ್ತಿ ಕೊಪ್ಪದ ನಮ್ಮ ಮನೆಗೇ ಬಂದರು. ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಗುಂಪಿಗೆ ಮಳೆ ಎಷ್ಟೆಂದು ತಿಳಿಸುವವರು ಅವರು.

“ಎಂತ ತಪ್ಪು ಮಾಡಿದೆ ಮಾರಾಯ್ತಿ, ನನ್ನನ್ನು ಹೊರಗೆ ಹಾಕಿದ್ದು?”

ನೋಡಿದರೆ, ಬೇಸಿಗೆ ಶುರುವಾದ ಮೇಲೆ ಅವರು ದಿನಾ ಬರೆದದ್ದು ಒಂದೇ ಸಾಲು: ‘ಕಿಗ್ಗ, ಸೊನ್ನೆ ಇಂಚು.’

“ದಿನಾ ಅದೇ ಮಾತು ಬಂದ್ರೆ ಮಿಷನ್ನು ಜಾಹೀರಾತು ಅಂದ್ಕೊಳ್ತದೆ ಗೌಡ್ರೇ. ಮಳೆ ಬಂದ ದಿನ ಮಾತ್ರ ಹಾಕಿದ್ರೆ ಸಾಕಲ್ಲ?”

“ಹಾಕದಿದ್ರೆ, ಮಳೆ ಇಲ್ವೋ ನಾನೇ ಇಲ್ವೋ ಅಂತ ಜನಕ್ಕೆ ಹೇಗೆ ಗೊತ್ತಾಗೋದು? ಹನ್ನೊಂದು ವರ್ಷ ಒಂದು ದಿನ ತಪ್ಪಿಸಿದವನಲ್ಲ. ಈಗ ಹತ್ತು ದಿನ ಖಾಲಿ!”

ಕಾಫಿ ಕೊಟ್ಟು, ಅವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ಮಾಡಿದ ತಪ್ಪು ತಿದ್ದಬೇಕಲ್ಲ, ಖಾಲಿ ಬಿದ್ದ ಒಂದೊಂದು ದಿನದ ಕೆಳಗೂ ‘ಕಿಗ್ಗ, ಸೊನ್ನೆ ಇಂಚು’ ಎಂದು ಅವರೆದುರೇ ಬರೆಯತೊಡಗಿದೆ.

ನಾಲ್ಕನೆಯ ಸೊನ್ನೆಗೆ ಫಿಲ್ಟರ್ ನನ್ನನ್ನೇ ಹೊರಗೆ ಹಾಕಿತು.

ಗೌಡರು ಪರದೆಗೆ ಬಗ್ಗಿ ನೋಡಿ, ನಿಧಾನಕ್ಕೆ ಲೋಟ ಕೆಳಗಿಟ್ಟರು. “ಈಗ ನೀನು ಯಾರ ಮನೆಗೆ ಹೋಗಿ ಕೇಳ್ತೀಯ ಮಾರಾಯ್ತಿ?”