ಒಂಟಿಸಲಗದ ಕೂಗು

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಒಂಟಿಸಲಗ ಅಂತಲೇ ಅಡ್ಡಹೆಸರು; ಹತ್ತನೇ ಮಹಡಿಯಿಂದ ಕಿರುಬೆರಳಲ್ಲಿ ಜೋತಾಡುತ್ತಲೇ ಚಹಾ ಕುಡಿಯಬಲ್ಲ ಗಂಡು. "ನನಗೆ ಯಾರೂ ಬೇಡ" ಅನ್ನುವುದು ಅವನ ಜಂಬ. ಚಿಕ್ಕಂದಿನಲ್ಲಿ ಸೋದರತ್ತೆಯ ಮನೆಯಿಂದ ಚಿಕ್ಕಮ್ಮನ ಮನೆಗೆ ಚೆಂಡಿನಂತೆ ಉರುಳಿದವನು. ಎಷ್ಟು ಅತ್ತರೂ ಯಾರೂ ಬಾರದೆ, ಕೂಗುವುದನ್ನೇ ಬಿಟ್ಟಿದ್ದ. ಹೋದ ವರ್ಷ ಕತ್ತಲ ಲಿಫ್ಟಿನಲ್ಲಿ ಐದು ಗಂಟೆ ಸಿಕ್ಕಿಬಿದ್ದಾಗಲೂ ತುಟಿಪಿಟಕ್ಕೆನ್ನಲಿಲ್ಲ. ಅಂದಿನಿಂದ ಬಚ್ಚಲ ಬಾಗಿಲನ್ನೂ ಮುಚ್ಚುತ್ತಿರಲಿಲ್ಲ.

ಇವತ್ತು ಗಾಳಿಗೆ ಆ ಬಾಗಿಲು ಬಡಿದು ಕಚ್ಚಿಕೊಂಡಿತು. ಸೋಪಿನ ಕೈಯಲ್ಲಿ ಚಿಲಕ ಎಳೆದೆಳೆದು ಜಾರಿದ; ಬಚ್ಚಲು ಮತ್ತೆ ಆ ಕತ್ತಲ ಲಿಫ್ಟೇ ಆಯಿತು. ಕೊನೆಗೆ ನಲವತ್ತು ವರ್ಷ ಹಳೆಯ ಕೂಗು ಹೊರಬಿತ್ತು: "ಲೇ, ಬಾರೇ!" ಮೂರು ಬೀದಿಯ ನಾಯಿಗಳು ಎದ್ದು ನಿಂತವು.

ಹೆಂಡತಿ ಓಡಿಬಂದು ಬಾಗಿಲು ತಳ್ಳುತ್ತ, "ಇಲ್ಲೇ ಇದೀನಿ ಕಣ್ರೀ. ಯಾರೂ ಬೇಡ ಅಂತಿದ್ರಲ್ಲ?" ಅಂದಳು.

"ಯಾರೂ ಬೇಡ ಅಂದಿದ್ದು ನಿಜ. ನೀನು ಯಾರೋ ಏನೇ? ಬೇಕಾದ್ರೆ ಬೈತಾ ಇರು, ಹೋಗ್ಬೇಡ!"