ಗುಬ್ಬಿಗೆ ಬಂದ ನರೆಗೂದಲು

ಮೂವತ್ತಾರು ದಾಟಿದರೂ ಗುಬ್ಬಿಯನ್ನು ಕಂಡವರು ಹೈಸ್ಕೂಲ್ ಹುಡುಗಿ ಎಂದೇ ತಿಳಿಯುತ್ತಿದ್ದರು. ಬಾಗಿಲು ತಟ್ಟಿದ ಮಾರಾಟಗಾರರು, "ಮನೇಲಿ ದೊಡ್ಡೋರು ಯಾರೂ ಇಲ್ವಾ ಪುಟ್ಟಿ?" ಎಂದು ಕೇಳಿದರೆ, ಅವಳಿಗಿಂತ ಗೇಣುದ್ದ ಎತ್ತರದ ಮಗಳು ಒಳಗಿನಿಂದ ಬಂದು, "ಇವ್ರೇ ನಮ್ಮಮ್ಮ" ಎಂದು ಪರಿಚಯ ಮಾಡಿಕೊಡಬೇಕಿತ್ತು.

ಆ ಎಳೇ ಮುಖವೇ ಅವಳಿಗೆ ಅನ್ನ ಹಾಕಿತು. ಅಂಗಡಿಗಳಲ್ಲಿ ಮಕ್ಕಳಿಗೆ ಸಿಗರೇಟು ಮಾರುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವ ಇಲಾಖೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿತು. ಮಗಳ ಹಳೇ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿ ಸಿಗರೇಟು ಕೇಳಬೇಕು. ವಯಸ್ಸು ವಿಚಾರಿಸದೆ ಕೊಟ್ಟವರನ್ನು ಫೇಲ್ ಮಾಡಬೇಕು. ಹೆಚ್ಚಿನವರು, "ನಿಮ್ಮಪ್ಪನಿಗೆ ಹೇಳ್ತೀನಿ ನೋಡು" ಎಂದು ಗದರಿಸಿ ಓಡಿಸುತ್ತಿದ್ದರು. ಗುಬ್ಬಿ ಖುಷಿಯಿಂದ ಬೈಸಿಕೊಂಡು ಬರುತ್ತಿದ್ದಳು.

ಆದರೆ ಆ ದಿನ ತಿರುವಿನ ಅಂಗಡಿಯ ಬೊಜ್ಜಿನ ಯಜಮಾನ ತುಟಿ ಬಿಚ್ಚದೆ ಪ್ಯಾಕೆಟ್ ಮುಂದಿಟ್ಟ.

"ನನ್ ವಯಸ್ಸು ಕೇಳಲ್ವಾ?"

"ಕೇಳೋದೇನ್ ಬಂತು ಅಕ್ಕಾ? ಕಿವಿ ಪಕ್ಕ ನರೆ ಎದ್ದು ಕಾಣ್ತಿದೆ. ಬ್ಯಾಗು ಮಗಳದ್ದಾ? ಕೂದಲಿಗೆ ಬಣ್ಣ ಇದೆ, ಕೊಡ್ಲಾ?"

ಗುಬ್ಬಿ ಅಂಗಡಿಯ ಕನ್ನಡಿಯಲ್ಲಿ ಇಣುಕಿದಳು. ನಿಜ, ಅವಳ ನೌಕರಿ ಈಗ ಕೂದಲೆಳೆಯಲ್ಲಿ ನಿಂತಿತ್ತು. ಬಣ್ಣ ಹಚ್ಚಿದರೆ ಉಳಿಯುತ್ತಿತ್ತು. ಅವಳು ಯಜಮಾನ ಮುಂದೆ ಹಿಡಿದಿದ್ದ ಬಣ್ಣದ ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಸಾಹೇಬರಿಗೆ ಫೋನ್ ಮಾಡಿದಳು.

"ಸರ್, ಅಂಗಡಿ ಪಾಸು, ನಾನು ಫೇಲು. ಬೇರೆ ಹುಡುಗೀನ ನೋಡ್ಕೊಳ್ಳಿ."

ಆಮೇಲೆ ಯಜಮಾನನ ಕಡೆ ತಿರುಗಿದಳು.

"ಆಗ ನನ್ನ ಏನಂತ ಕರೆದ್ರಿ?"

"ಅಕ್ಕಾ ಅಂದೆ. ತಪ್ಪಾಯ್ತಾ?"

"ಇಲ್ಲ ಇಲ್ಲ. ಇನ್ನೊಂದ್ಸಲ ಅನ್ನಿ, ಸ್ವಲ್ಪ ಜೋರಾಗಿ."